ಫ್ಯಾನು ತಿರುಗುತ್ತದೆ, ಪರದೆ ಮಾತ್ರ ಕತ್ತಲು

ಹೊಸದಾಗಿ ಜೋಡಿಸಿದ ಕಂಪ್ಯೂಟರು ಹತ್ತು ಹದಿನೈದು ದಿನ ಚೆನ್ನಾಗಿ ನಡೆಯುತ್ತದೆ. ಒಂದು ಬೆಳಿಗ್ಗೆ ಗುಂಡಿ ಒತ್ತಿದರೆ ಫ್ಯಾನು ತಿರುಗುತ್ತದೆ, ದೀಪ ಉರಿಯುತ್ತದೆ, ಪರದೆ ಮಾತ್ರ ಕಪ್ಪಾಗಿಯೇ ಉಳಿಯುತ್ತದೆ. ರಿಪೇರಿ ಅಂಗಡಿಯವರ ಮಾತಿನಲ್ಲಿ ಇದಕ್ಕೆ ‘ಡಿಸ್‌ಪ್ಲೇ ಬರುತ್ತಿಲ್ಲ’ ಎಂದು ಹೆಸರು. ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಕಡೆ ಬಿಡಿಭಾಗಗಳನ್ನು ತಂದು ತಾವೇ ಕಂಪ್ಯೂಟರ್ ಜೋಡಿಸಿಕೊಳ್ಳುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ವರ್ಷಗಟ್ಟಲೆ ಕೂಡಿಟ್ಟ ಹಣ, ಮನೆಯವರು ಒಪ್ಪಿ ಕೊಟ್ಟ ಹಣ ಅದರಲ್ಲಿ ಸೇರಿರುತ್ತದೆ. ವಾರದೊಳಗೆ ಒಪ್ಪಿಸಬೇಕಾದ ಪ್ರಾಜೆಕ್ಟ್ ವರದಿಯೂ ಅದರೊಳಗೇ ಇರುತ್ತದೆ. ಇಂಥ ಹೊತ್ತಿನಲ್ಲಿ ಗಾಬರಿಯಾಗುವುದು ಸಹಜ. ಆದರೆ ಗಾಬರಿಯಿಂದ ಮಾಡುವ ಕೆಲಸಗಳೇ, ಅಂದರೆ ಸಿಕ್ಕಿದ ತಂತಿಯನ್ನೆಲ್ಲ ಎಳೆಯುವುದು, ಯಾರೋ ಹೇಳಿದರೆಂದು ಹೊಸ ಗ್ರಾಫಿಕ್ಸ್ ಕಾರ್ಡ್ ಕೊಳ್ಳುವುದು, ಸಣ್ಣ ದೋಷವನ್ನು ದೊಡ್ಡ ಖರ್ಚಾಗಿ ಮಾಡುತ್ತವೆ.

ಮೊದಲು ಒಂದು ಸಮಾಧಾನದ ಮಾತು. ಪರದೆ ಕತ್ತಲಾದ ಮಾತ್ರಕ್ಕೆ ನಿಮ್ಮ ವರದಿ ಅಳಿಸಿಹೋಗಿಲ್ಲ. ಬರೆದಿಟ್ಟ ಕಡತಗಳು ಎಸ್.ಎಸ್.ಡಿ. ಅಥವಾ ಹಾರ್ಡ್ ಡಿಸ್ಕಿನಲ್ಲಿರುತ್ತವೆ. ಚಿತ್ರ ತೋರಿಸುವ ಭಾಗ ನಿಂತರೂ ಅವು ಸಾಮಾನ್ಯವಾಗಿ ಇದ್ದಲ್ಲಿಯೇ ಇರುತ್ತವೆ. ಆದ್ದರಿಂದ ಆತುರ ಬೇಡ.

ಟೆಲಿವಿಷನ್ ಮಾತುಕತೆಯಲ್ಲಿ ಸಮಯದ ಮಿತಿ ಇರುತ್ತದೆ. ಒಂದೊಂದು ಹಂತವನ್ನೂ ನಿಧಾನವಾಗಿ ಓದಿ, ಬೇಕಾದಾಗ ಪುಟ ತಿರುಗಿಸಿ ನೋಡಲು ಅನುಕೂಲವಾಗುವಂತೆ ಇಲ್ಲಿ ವಿವರಿಸಲಾಗಿದೆ.

ಚಿತ್ರ ಮೂಡುವ ಮುನ್ನ ಏನೇನು ನಡೆಯುತ್ತದೆ?

ಯಕ್ಷಗಾನದಲ್ಲಿ ವೇಷ ರಂಗಕ್ಕೆ ಬರುವ ಮುನ್ನ ಚೌಕಿಯಲ್ಲಿ ಎಷ್ಟೊಂದು ಕೆಲಸ ನಡೆದಿರುತ್ತದೆ ಎಂಬುದನ್ನು ನೀವು ಬಲ್ಲಿರಿ. ಬಣ್ಣ ಬರೆಯಬೇಕು, ಗೆಜ್ಜೆ ಕಟ್ಟಬೇಕು, ಭಾಗವತರು ಪದ ಎತ್ತಬೇಕು, ಚೆಂಡೆ ಮದ್ದಳೆ ಕೂಡಬೇಕು. ರಂಗ ಬರಿದಾಗಿದ್ದರೆ ರಂಗಸ್ಥಳವೇ ಕೆಟ್ಟಿದೆ ಎಂದು ಯಾರೂ ಹೇಳುವುದಿಲ್ಲ. ಚೌಕಿಯಲ್ಲಿ ಏನಾಯಿತೆಂದು ವಿಚಾರಿಸುತ್ತಾರೆ. ಕಂಪ್ಯೂಟರಿನ ಪರದೆಯೂ ಹೀಗೆಯೇ. ಅದು ಒಂದು ಸಾಲಿನ ಕೊನೆಯ ಕೊಂಡಿ.

ಗೋಡೆಯ 230 ವೋಲ್ಟಿನ ಪರ್ಯಾಯ ವಿದ್ಯುತ್ತು ಮೊದಲು ಎಸ್.ಎಂ.ಪಿ.ಎಸ್. ಎಂಬ ಪೆಟ್ಟಿಗೆಯನ್ನು ಸೇರುತ್ತದೆ. ಅಲ್ಲಿ ಅದು 12, 5 ಮತ್ತು 3.3 ವೋಲ್ಟಿನ ನೇರ ವಿದ್ಯುತ್ತಾಗುತ್ತದೆ. ಈ ಮಟ್ಟಗಳು ಸ್ಥಿರವಾದವೆಂದು ಕಂಡಾಗ ಎಸ್.ಎಂ.ಪಿ.ಎಸ್. ಮದರ್‌ಬೋರ್ಡಿಗೆ ‘ವಿದ್ಯುತ್ತು ಸರಿಯಿದೆ’ ಎಂಬ ಸಂಕೇತವನ್ನು ಕಳುಹಿಸುತ್ತದೆ. ಆಮೇಲೆಯೇ ಪ್ರೊಸೆಸರು ಎಚ್ಚರಗೊಂಡು, ಬೋರ್ಡಿನ ಮೇಲಿರುವ ಒಂದು ಪುಟ್ಟ ಚಿಪ್ಪಿನಿಂದ ತನ್ನ ಮೊದಲ ಆದೇಶವನ್ನು ಓದುತ್ತದೆ. ಆ ಚಿಪ್ಪಿನಲ್ಲಿರುವ ತಂತ್ರಾಂಶವನ್ನು ಎಲ್ಲರೂ ರೂಢಿಯಲ್ಲಿ ಬಯಾಸ್ ಎನ್ನುತ್ತಾರೆ. ಬಯಾಸ್ ಮೊದಲು ಮೆಮೊರಿಯನ್ನು, ಎಂದರೆ ರ‍್ಯಾಮನ್ನು ಸಿದ್ಧಪಡಿಸುತ್ತದೆ. ಬಳಿಕ ಗ್ರಾಫಿಕ್ಸ್ ಭಾಗವನ್ನು ಎಬ್ಬಿಸುತ್ತದೆ. ಗ್ರಾಫಿಕ್ಸ್ ಭಾಗವು ಕೇಬಲಿನ ಮೂಲಕ ಸಂಕೇತವನ್ನು ಮಾನಿಟರಿಗೆ ಕಳುಹಿಸಿದಾಗ ತಯಾರಕರ ಮುದ್ರೆ ಪರದೆಯ ಮೇಲೆ ಮೂಡುತ್ತದೆ.

ಹೀಗೆ ವಿದ್ಯುತ್ತು, ಪ್ರೊಸೆಸರು, ಮೆಮೊರಿ, ಗ್ರಾಫಿಕ್ಸ್, ಕೇಬಲು, ಮಾನಿಟರು ಎಂಬ ಆರು ಕೊಂಡಿಗಳಿವೆ. ಯಾವುದೊಂದು ಕಳಚಿದರೂ ಹೊರಗೆ ಕಾಣುವ ಲಕ್ಷಣ ಒಂದೇ: ಕತ್ತಲು. ‘ಪರದೆಗೆ ಏನಾಗಿದೆ?’ ಎಂದು ಕೇಳುವ ಬದಲು ‘ಎಲ್ಲಿಯವರೆಗೆ ಜೀವ ಇದೆ?’ ಎಂದು ಕೇಳಿಕೊಳ್ಳುವುದೇ ದೋಷಶೋಧನೆಯ ಗುಟ್ಟು.

ನಿನ್ನೆ ಇದ್ದದ್ದು ಇಂದು ಏಕಿಲ್ಲ?

ಜೋಡಿಸಿದ ದಿನವೇ ಚಿತ್ರ ಬರದ ಯಂತ್ರಕ್ಕೂ, ಕೆಲವು ದಿನ ನಡೆದು ನಿಂತ ಯಂತ್ರಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ಸಂದೇಹಗಳು ಹೆಚ್ಚು. ಪ್ರೊಸೆಸರಿಗೂ ಬೋರ್ಡಿಗೂ ಹೊಂದಿಕೆ ಇಲ್ಲದಿರಬಹುದು. ಬಯಾಸ್ ಹಳೆಯದಾಗಿದ್ದು ಹೊಸ ಪ್ರೊಸೆಸರನ್ನು ಗುರುತಿಸದಿರಬಹುದು. ಪ್ರೊಸೆಸರಿಗೆ ವಿದ್ಯುತ್ತು ಕೊಡುವ, ಬೋರ್ಡಿನ ಮೇಲ್ಭಾಗದ ಎಂಟು ಪಿನ್ನಿನ ತಂತಿಯನ್ನು ಸಿಕ್ಕಿಸಲು ಮರೆತಿರಬಹುದು. ಪ್ರೊಸೆಸರಿನೊಳಗೆ ಗ್ರಾಫಿಕ್ಸ್ ಭಾಗವೇ ಇಲ್ಲದಿರಬಹುದು. ಇಂಟೆಲ್ ಪ್ರೊಸೆಸರುಗಳ ಹೆಸರಿನ ಕೊನೆಯಲ್ಲಿ ‘ಎಫ್’ ಅಕ್ಷರವಿದ್ದರೆ ಅದರ ಅರ್ಥ ಇದೇ. ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಅವು ಚಿತ್ರ ಕೊಡಲಾರವು.

ಆದರೆ ಯಂತ್ರ ಹದಿನೈದು ದಿನ ನಡೆದಿದೆ ಎಂದಾದರೆ ಈ ಸಂದೇಹಗಳು ಬಹುಮಟ್ಟಿಗೆ ತಾವಾಗಿಯೇ ಬಿದ್ದುಹೋಗುತ್ತವೆ. ಹೊಂದಿಕೆ ಇಲ್ಲದ ಭಾಗಗಳು ಹದಿನೈದು ದಿನ ಜೊತೆಯಾಗಿ ದುಡಿಯುವುದಿಲ್ಲ. ಈಗ ಉಳಿಯುವ ಪ್ರಶ್ನೆ ಒಂದೇ: ನಿನ್ನೆಗೂ ಇಂದಿಗೂ ನಡುವೆ ಏನು ಬದಲಾಯಿತು?

ಮಣಿಪಾಲದ ಹಾಸ್ಟೆಲಿನಲ್ಲಿರುವ ಒಬ್ಬ ವಿದ್ಯಾರ್ಥಿಯನ್ನು ಊಹಿಸಿಕೊಳ್ಳಿ. ರಜೆಗೆಂದು ಅವನು ಕ್ಯಾಬಿನೆಟ್ಟನ್ನು ಬಸ್ಸಿನಲ್ಲಿ ಕಾರ್ಕಳದ ಮನೆಗೆ ಒಯ್ದ. ಮರುದಿನ ಪರದೆ ಕತ್ತಲು. ‘ಯಂತ್ರಕ್ಕೆ ನಾನು ಏನೂ ಮಾಡಿಲ್ಲ’ ಎಂದು ಅವನು ಹೇಳಬಹುದು. ಆದರೆ ದಾರಿಯುದ್ದಕ್ಕೂ ಬಸ್ಸು ಕುಲುಕಿದೆ, ಒಂದು ಕಿಲೋಗ್ರಾಮಿಗೂ ಹೆಚ್ಚು ತೂಗುವ ಗ್ರಾಫಿಕ್ಸ್ ಕಾರ್ಡು ತನ್ನ ಭಾರಕ್ಕೆ ತಾನೇ ಜಗ್ಗಿದೆ, ಮನೆಯ ಪ್ಲಗ್ಗು ಬೇರೆ, ಮಾನಿಟರು ಬೇರೆ, ಕೇಬಲು ಬೇರೆ. ಬದಲಾವಣೆಗಳು ಒಂದಲ್ಲ, ನಾಲ್ಕಾರು. ಹಾಗೆಯೇ ಧೂಳು ಒರೆಸಿದ್ದು, ಹೊಸ ರ‍್ಯಾಮ್ ಸೇರಿಸಿದ್ದು, ಬಯಾಸಿನಲ್ಲಿ ಮೆಮೊರಿಯ ವೇಗ ಹೆಚ್ಚಿಸಿದ್ದು, ರಾತ್ರಿ ವಿಂಡೋಸ್ ತಾನಾಗಿ ನವೀಕರಣಗೊಂಡದ್ದು, ಸಂಜೆ ಗುಡುಗು ಬಂದದ್ದು, ಇವೆಲ್ಲವೂ ಬದಲಾವಣೆಗಳೇ. ಒಂದು ಹಾಳೆ ತೆಗೆದುಕೊಂಡು ಇವನ್ನು ಬರೆಯಿರಿ. ರಿಪೇರಿಯ ಅರ್ಧ ಕೆಲಸ ಈ ಹಾಳೆಯಲ್ಲೇ ಮುಗಿಯುವುದುಂಟು.

ಏನೂ ಬದಲಾಗದೆಯೂ ಹೊಸ ಭಾಗ ಕೆಡಬಾರದೆಂದಿಲ್ಲ. ಯಂತ್ರಗಳ ಆಯುಷ್ಯವನ್ನು ಅಧ್ಯಯನ ಮಾಡುವ ಎಂಜಿನಿಯರುಗಳು ಸ್ನಾನದ ತೊಟ್ಟಿಯ ಆಕಾರದ ಒಂದು ರೇಖೆಯನ್ನು ಬರೆಯುತ್ತಾರೆ. ದೋಷಗಳು ಆರಂಭದ ದಿನಗಳಲ್ಲಿ ಹೆಚ್ಚು, ನಡುವೆ ಬಹುಕಾಲ ಕಡಿಮೆ, ಮುಪ್ಪಿನಲ್ಲಿ ಮತ್ತೆ ಹೆಚ್ಚು ಎಂಬುದು ಅದರ ತಾತ್ಪರ್ಯ. ತಯಾರಿಕೆಯಲ್ಲಿ ಉಳಿದುಹೋದ ಸಣ್ಣ ಕುಂದು ಮೊದಲ ದಿನಗಳ ಬಿಸಿ–ತಣಿವಿನಲ್ಲಿ ಹೊರಬೀಳುತ್ತದೆ. ದೊಡ್ಡ ಕಂಪೆನಿಗಳ ಚಿಪ್ಪುಗಳೂ ಇದಕ್ಕೆ ಹೊರತಲ್ಲ. 2023ರಲ್ಲಿ ಎ.ಎಂ.ಡಿ.ಯ ರೈಜನ್ 7000 ಮಾಲಿಕೆಯ ಕೆಲವು ಪ್ರೊಸೆಸರುಗಳು ಅಧಿಕ ವೋಲ್ಟೇಜಿನಿಂದ ಸುಟ್ಟಾಗ ಬಯಾಸ್ ತಿದ್ದುಪಡಿಯಿಂದ ಆ ವೋಲ್ಟೇಜಿಗೆ ಮಿತಿ ಹಾಕಲಾಯಿತು. 2024ರಲ್ಲಿ ಇಂಟೆಲಿನ 13 ಮತ್ತು 14ನೆಯ ಪೀಳಿಗೆಯ ಕೆಲವು ಡೆಸ್ಕ್‌ಟಾಪ್ ಪ್ರೊಸೆಸರುಗಳು ಅಸ್ಥಿರವಾದಾಗಲೂ ಅಧಿಕ ವೋಲ್ಟೇಜೇ ಕಾರಣವೆಂದು ಕಂಡುಬಂದು ತಿದ್ದುಪಡಿ ಬಂತು. ಆದರೂ ಇಂಥವು ಅಪರೂಪ. ಮೊದಲು ಸಾಮಾನ್ಯ ಕಾರಣಗಳನ್ನು ನೋಡೋಣ.

ಹೊರಗಿನಿಂದ ಒಳಗೆ

ಕ್ಯಾಬಿನೆಟ್ಟಿನ ಮುಚ್ಚಳ ತೆಗೆಯುವ ಮುನ್ನ ಹೊರಗೆ ಮಾಡಬೇಕಾದ ಪರೀಕ್ಷೆಗಳಿವೆ. ಇವಕ್ಕೆ ಖರ್ಚಿಲ್ಲ, ಅಪಾಯವೂ ಇಲ್ಲ.

ಮಾನಿಟರಿನ ದೀಪ ನೋಡಿ. ದೀಪವೇ ಇಲ್ಲವಾದರೆ ಅದರ ಪ್ಲಗ್ಗನ್ನೂ ಸ್ವಿಚ್ಚನ್ನೂ ನೋಡಿ. ‘ಸಿಗ್ನಲ್ ಇಲ್ಲ’ ಎಂಬ ಬರಹ ಬಂದರೆ ಸಂತೋಷಪಡಿ. ಮಾನಿಟರು ಜೀವಂತವಾಗಿದೆ, ಅದಕ್ಕೆ ಸಂಕೇತ ಬರುತ್ತಿಲ್ಲ, ಅಷ್ಟೆ. ಮಾನಿಟರಿನಲ್ಲಿ ಎರಡು ಮೂರು ಒಳದಾರಿಗಳಿದ್ದರೆ ಸರಿಯಾದದ್ದನ್ನು ಆರಿಸಿದೆಯೇ ಎಂದು ನೋಡಬೇಕು. ಮನೆಯ ಟಿ.ವಿ.ಯನ್ನೇ ಪರದೆಯಾಗಿ ಬಳಸುವವರಲ್ಲಿ ಈ ತೊಂದರೆ ಹೆಚ್ಚು. ತಮ್ಮನೋ ತಂಗಿಯೋ ರಿಮೋಟಿನಲ್ಲಿ ಬೇರೆ ದಾರಿ ಆರಿಸಿಟ್ಟಿದ್ದರೆ ಕಂಪ್ಯೂಟರಿನ ಚಿತ್ರ ಕಾಣಿಸುವುದಿಲ್ಲ.

ಪರದೆ ಪೂರ್ತಿ ಕಪ್ಪಾಗಿದ್ದರೆ ಕೋಣೆಯನ್ನು ಕತ್ತಲು ಮಾಡಿ, ಟಾರ್ಚನ್ನು ಓರೆಯಾಗಿ ಪರದೆಗೆ ಹಿಡಿದು ನೋಡಿ. ಮಸುಕಾಗಿ ಅಕ್ಷರಗಳು ಕಂಡರೆ ಚಿತ್ರ ಬರುತ್ತಿದೆ, ಪರದೆಯ ಹಿಂದಿನ ಬೆಳಕು ಹೋಗಿದೆ ಎಂದರ್ಥ. ಆಗ ದೋಷ ಮಾನಿಟರಿನದು. ಕ್ಯಾಬಿನೆಟ್ಟನ್ನು ಬಿಚ್ಚುವ ಅಗತ್ಯವೇ ಇಲ್ಲ.

ಕೇಬಲಿನ ವಿಚಾರದಲ್ಲಿ ತೀರ ಸಾಮಾನ್ಯವಾದ ತಪ್ಪು ಒಂದಿದೆ. ಕ್ಯಾಬಿನೆಟ್ಟಿನ ಹಿಂಬದಿಯಲ್ಲಿ ಎಚ್.ಡಿ.ಎಂ.ಐ. ಕಿಂಡಿಗಳು ಎರಡು ಕಡೆ ಇರುತ್ತವೆ. ಮೇಲೆ ಲಂಬವಾಗಿರುವ ಸಾಲು ಮದರ್‌ಬೋರ್ಡಿನದು. ಕೆಳಗೆ ಅಡ್ಡವಾಗಿರುವುದು ಗ್ರಾಫಿಕ್ಸ್ ಕಾರ್ಡಿನದು. ಕಾರ್ಡು ಇರುವ ಯಂತ್ರದಲ್ಲಿ ಕೇಬಲು ಕಾರ್ಡಿನ ಕಿಂಡಿಗೇ ಸೇರಬೇಕು. ಧೂಳು ಒರೆಸಿ ಮತ್ತೆ ಜೋಡಿಸುವಾಗ ಅದನ್ನು ಮೇಲಿನ ಕಿಂಡಿಗೆ ಸಿಕ್ಕಿಸಿದವರು ಹೊಸ ಕಾರ್ಡು ಕೆಟ್ಟಿತೆಂದು ಅಂಗಡಿಗೆ ಹೊತ್ತುಕೊಂಡು ಹೋಗುವುದುಂಟು. ಇನ್ನೊಂದು ಕೇಬಲು, ಇನ್ನೊಂದು ಮಾನಿಟರು ಗೆಳೆಯರಲ್ಲಿದ್ದರೆ ತಂದು ನೋಡಿ. ಕೇಬಲು ಬದಲಿಸುವಾಗ ಎರಡೂ ಕಡೆಯ ಯಂತ್ರಗಳನ್ನು ಆರಿಸಿರಬೇಕು.

ಕೀಬೋರ್ಡಿನ ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಒತ್ತಿದಾಗಲೆಲ್ಲ ಅದರ ದೀಪ ಹತ್ತಿ ಆರುತ್ತಿದ್ದರೆ ಪ್ರೊಸೆಸರೂ ಮೆಮೊರಿಯೂ ಕೆಲಸ ಮಾಡುತ್ತಿರುವ ಸಂಭವ ಹೆಚ್ಚು. ದೋಷ ಮುಂದಿನ ಕೊಂಡಿಗಳಲ್ಲಿದೆ. ತಯಾರಕರ ಮುದ್ರೆ ಮೂಡಿ, ವಿಂಡೋಸ್ ಬರುವ ಹೊತ್ತಿಗೆ ಕತ್ತಲಾಗುವುದಾದರೆ ಯಂತ್ರಾಂಶ ಬಹುಪಾಲು ಸರಿಯಿದೆ; ಗ್ರಾಫಿಕ್ಸಿನ ಚಾಲಕ ತಂತ್ರಾಂಶವನ್ನು ಸಂದೇಹಿಸಬೇಕು. ಆಗ ವಿಂಡೋಸ್, ಕಂಟ್ರೋಲ್, ಶಿಫ್ಟ್ ಮತ್ತು ‘ಬಿ’ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಚಾಲಕ ಮತ್ತೆ ಆರಂಭವಾಗುತ್ತದೆ. ಅದಕ್ಕೂ ಬಗ್ಗದಿದ್ದರೆ ಸೇಫ್ ಮೋಡಿನಲ್ಲಿ ತೆರೆದು ಚಾಲಕವನ್ನು ತೆಗೆದು ಹೊಸದಾಗಿ ಹಾಕಬೇಕು.

ಯಂತ್ರ ತಾನೇ ಹೇಳುತ್ತದೆ

ಪರದೆ ಇಲ್ಲದಿದ್ದರೂ ಕಂಪ್ಯೂಟರು ಮೂಕವಲ್ಲ. 1981ರ ಆಗಸ್ಟಿನಲ್ಲಿ ಬಂದ ಐ.ಬಿ.ಎಂ. ಪರ್ಸನಲ್ ಕಂಪ್ಯೂಟರಿನಲ್ಲಿಯೇ, ವಿದ್ಯುತ್ತು ಬಂದೊಡನೆ ತನ್ನ ಅಂಗಾಂಗಗಳನ್ನು ತಾನೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆ ಇತ್ತು. ಇದಕ್ಕೆ ‘ಪೋಸ್ಟ್’ ಎಂದು ಹೆಸರು. ಎಲ್ಲ ಸರಿಯಿದ್ದರೆ ಒಂದು ಚಿಕ್ಕ ‘ಬೀಪ್’ ಸದ್ದು. ಚಿತ್ರದ ಕಾರ್ಡಿನಲ್ಲಿ ದೋಷವಿದ್ದರೆ ಒಂದು ದೀರ್ಘ, ಎರಡು ಹ್ರಸ್ವ ಸದ್ದು. ಪರದೆಯೇ ಕೆಟ್ಟಾಗ ದೋಷವನ್ನು ಪರದೆಯ ಮೇಲೆ ಹೇಳಲಾಗದು, ಆದ್ದರಿಂದ ಕಿವಿಗೆ ಹೇಳು ಎಂಬ ಈ ಉಪಾಯ ಎಷ್ಟು ಸರಳ ನೋಡಿ! ಮುಂದೆ ಬೇರೆ ಬೇರೆ ಬಯಾಸ್ ತಯಾರಕರು ತಮ್ಮದೇ ಸದ್ದಿನ ಭಾಷೆ ಮಾಡಿಕೊಂಡರು. ಆದ್ದರಿಂದ ಅರ್ಥಕ್ಕಾಗಿ ನಿಮ್ಮ ಬೋರ್ಡಿನ ಕೈಪಿಡಿಯನ್ನೇ ನೋಡಬೇಕು.

ಇಂದಿನ ಅನೇಕ ಕ್ಯಾಬಿನೆಟ್ಟುಗಳಲ್ಲಿ ಆ ಪುಟ್ಟ ಸ್ಪೀಕರ್ ಇರುವುದಿಲ್ಲ. ಅದರ ಬದಲು ಅನೇಕ ಬೋರ್ಡುಗಳ ಅಂಚಿನಲ್ಲಿ ನಾಲ್ಕು ಸಣ್ಣ ದೀಪಗಳಿರುತ್ತವೆ: ಪ್ರೊಸೆಸರಿಗೊಂದು, ಮೆಮೊರಿಗೊಂದು, ಗ್ರಾಫಿಕ್ಸಿಗೊಂದು, ಕಾರ್ಯಾಚರಣ ವ್ಯವಸ್ಥೆ ಇರುವ ಡಿಸ್ಕಿಗೊಂದು. ಯಂತ್ರ ಏಳುವಾಗ ಇವು ಒಂದಾದ ಮೇಲೊಂದು ಹತ್ತಿ ಆರುತ್ತವೆ. ಯಾವ ದೀಪ ಆರದೆ ನಿಲ್ಲುತ್ತದೆಯೋ ಆ ಕೊಂಡಿಯಲ್ಲಿ ಕೆಲಸ ತಡೆದಿದೆ. ‘ಎಲ್ಲಿಯವರೆಗೆ ಜೀವ ಇದೆ?’ ಎಂಬ ಪ್ರಶ್ನೆಗೆ ಯಂತ್ರವೇ ಕೊಡುವ ಉತ್ತರ ಇದು.

ಇಲ್ಲಿ ಒಂದು ಎಚ್ಚರಿಕೆ. ಡಿ.ಡಿ.ಆರ್.5 ಮೆಮೊರಿ ಇರುವ ಹೊಸ ಯಂತ್ರಗಳಲ್ಲಿ ಪ್ರೊಸೆಸರೂ ಮೆಮೊರಿಯೂ ಪರಸ್ಪರ ಹೊಂದಿಕೊಳ್ಳುವ ‘ತರಬೇತಿ’ ಎಂಬ ಹಂತವಿದೆ. ಮೊದಲ ಸಲ ಆರಂಭಿಸಿದಾಗ, ಬಯಾಸ್ ಬದಲಿಸಿದಾಗ, ಮೆಮೊರಿಯ ಜಾಗ ಬದಲಿಸಿದಾಗ ಇದಕ್ಕೆ ಕೆಲವು ನಿಮಿಷಗಳು ಹಿಡಿಯಬಹುದು. ಅಷ್ಟು ಹೊತ್ತು ಪರದೆ ಕತ್ತಲು, ಮೆಮೊರಿಯ ದೀಪ ಉರಿಯುತ್ತಲೇ ಇರುತ್ತದೆ. ತಾಳ್ಮೆ ಕೆಟ್ಟು ನಡುವೆ ಆರಿಸಿದರೆ ಮುಂದಿನ ಸಲ ಎಲ್ಲವೂ ಮತ್ತೆ ಮೊದಲಿನಿಂದ. ಆದ್ದರಿಂದ ಗಡಿಯಾರ ನೋಡಿಕೊಂಡು ಹತ್ತು ಹದಿನೈದು ನಿಮಿಷ ಕಾಯಿರಿ.

ಮುಚ್ಚಳ ತೆಗೆದ ಮೇಲೆ

ಮುಚ್ಚಳ ತೆಗೆಯುವ ಮುನ್ನ ಪ್ಲಗ್ಗನ್ನು ಗೋಡೆಯಿಂದ ಪೂರ್ತಿ ಕೀಳಬೇಕು. 1995ರಲ್ಲಿ ಇಂಟೆಲ್ ರೂಪಿಸಿದ ಎ.ಟಿ.ಎಕ್ಸ್. ಮಾದರಿಯಲ್ಲಿ, ಕಂಪ್ಯೂಟರನ್ನು ಮುಚ್ಚಿದ ಮೇಲೂ ಬೋರ್ಡಿಗೆ 5 ವೋಲ್ಟಿನ ಕಾವಲು ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ಪ್ಲಗ್ಗು ಕಿತ್ತ ಬಳಿಕ ಆರಂಭದ ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದರೆ ಬೋರ್ಡಿನಲ್ಲಿ ಉಳಿದ ವಿದ್ಯುತ್ತು ಖಾಲಿಯಾಗುತ್ತದೆ. ಭಾಗಗಳನ್ನು ಮುಟ್ಟುವ ಮುನ್ನ, ಮತ್ತು ನಡುನಡುವೆ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹವನ್ನು ಮುಟ್ಟಿ. ಮೈಯ ಸ್ಥಿರವಿದ್ಯುತ್ತು ಇಳಿಯುತ್ತದೆ.

ಮೊದಲು ಮೆಮೊರಿ. ಡಿ.ಡಿ.ಆರ್.4 ಮತ್ತು ಡಿ.ಡಿ.ಆರ್.5 ರ‍್ಯಾಮ್ ಪಟ್ಟಿಯ ಅಂಚಿನಲ್ಲಿ 288 ಸಂಪರ್ಕ ಬಿಂದುಗಳಿವೆ. ಒಂದು ತುದಿ ಕೂದಲೆಳೆಯಷ್ಟು ಮೇಲೆದ್ದರೂ ಯಂತ್ರ ಎದ್ದೇಳದಿರಬಹುದು. ಪಟ್ಟಿಗಳನ್ನು ತೆಗೆದು, ಒಂದನ್ನು ಮಾತ್ರ, ಕೈಪಿಡಿ ಹೇಳುವ ಕಿಂಡಿಯಲ್ಲಿ, ಹೆಚ್ಚಾಗಿ ಪ್ರೊಸೆಸರಿನಿಂದ ಎರಡನೆಯದರಲ್ಲಿ, ‘ಟಕ್’ ಎಂದು ಸದ್ದಾಗುವಂತೆ ಕೂರಿಸಿ. ಚಿತ್ರ ಬಂದರೆ ಸರಿ. ಬಾರದಿದ್ದರೆ ಅದನ್ನು ತೆಗೆದು ಅದೇ ಕಿಂಡಿಯಲ್ಲಿ ಇನ್ನೊಂದನ್ನು ಕೂರಿಸಿ. ಪಟ್ಟಿ ಕೆಟ್ಟಿದೆಯೋ ಕಿಂಡಿ ಕೆಟ್ಟಿದೆಯೋ ಎಂಬುದು ಹೀಗೆ ಬೇರ್ಪಡುತ್ತದೆ. ಸಂಪರ್ಕ ಬಿಂದುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜುವ ರೂಢಿ ಇದೆ. ಆದರೆ ಅವುಗಳ ಮೇಲಿನ ಚಿನ್ನದ ಲೇಪ ಬಹಳ ತೆಳು. ರಬ್ಬರು ಅದನ್ನು ಸವೆಸುತ್ತದೆ, ರಬ್ಬರಿನ ಪುಡಿ ಕಿಂಡಿಯೊಳಗೆ ಸೇರುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ, ನೂಲು ಬಿಡದ ಬಟ್ಟೆಯಿಂದ ಒರೆಸಿ ಆರಲು ಬಿಡುವುದು ಲೇಸು.

ಬಳಿಕ ಗ್ರಾಫಿಕ್ಸ್ ಕಾರ್ಡು. ಅದನ್ನು ತೆಗೆದು ಮತ್ತೆ ನೇರವಾಗಿ ಒತ್ತಿ ಕೂರಿಸಿ, ತಿರುಪು ಬಿಗಿಯಿರಿ. ಬೋರ್ಡಿನ ಕಿಂಡಿಯಿಂದ ಕಾರ್ಡಿಗೆ ಹೆಚ್ಚೆಂದರೆ 75 ವಾಟ್ ಸಿಗುತ್ತದೆ. ಅದಕ್ಕಿಂತ ಹೆಚ್ಚು ಬೇಕಾದ ಕಾರ್ಡಿಗೆ ಎಸ್.ಎಂ.ಪಿ.ಎಸ್.ನಿಂದ ಪ್ರತ್ಯೇಕ ತಂತಿ ಬರುತ್ತದೆ. ಅದು ಅರ್ಧ ಕಳಚಿದ್ದರೂ ಫ್ಯಾನು ತಿರುಗಬಹುದು, ಚಿತ್ರ ಬಾರದು. ಪ್ರೊಸೆಸರಿನಲ್ಲೇ ಗ್ರಾಫಿಕ್ಸ್ ಭಾಗವಿದ್ದರೆ ಕಾರ್ಡನ್ನು ತೆಗೆದಿಟ್ಟು, ಕೇಬಲನ್ನು ಬೋರ್ಡಿಗೆ ಸೇರಿಸಿ ನೋಡಿ. ಆಗ ಚಿತ್ರ ಬಂದರೆ ಸಂದೇಹವೆಲ್ಲ ಕಾರ್ಡು, ಅದರ ಕಿಂಡಿ ಮತ್ತು ಅದರ ತಂತಿಗೆ ಸೀಮಿತವಾಯಿತು.

ಮೂರನೆಯದು ಬಯಾಸ್ ಸೆಟ್ಟಿಂಗು. ಮೆಮೊರಿಯನ್ನು ಅದರ ಸಾಮಾನ್ಯ ವೇಗಕ್ಕಿಂತ ಹೆಚ್ಚು ಓಡಿಸುವ ಎಕ್ಸ್.ಎಂ.ಪಿ. ಅಥವಾ ಎಕ್ಸ್‌ಪೋ ಸೆಟ್ಟಿಂಗನ್ನು ಹಾಕಿದ್ದರೆ, ನಾಲ್ಕು ದಿನ ನಡೆದ ಯಂತ್ರ ಐದನೆಯ ದಿನ ಮುಗ್ಗರಿಸಬಹುದು. ಪ್ಲಗ್ಗು ಕಿತ್ತು, ಬೋರ್ಡಿನ ಮೇಲಿನ 3 ವೋಲ್ಟಿನ ನಾಣ್ಯದಾಕಾರದ ಸೆಲ್ಲನ್ನು ಐದು ಹತ್ತು ನಿಮಿಷ ತೆಗೆದಿಟ್ಟು ಮತ್ತೆ ಹಾಕಿದರೆ, ಅಥವಾ ಕೈಪಿಡಿ ತೋರಿಸುವ ಎರಡು ಪಿನ್ನುಗಳನ್ನು ಸೇರಿಸಿದರೆ, ಸೆಟ್ಟಿಂಗುಗಳು ಕಾರ್ಖಾನೆಯಿಂದ ಬಂದಂತಾಗುತ್ತವೆ.

ಇಷ್ಟಕ್ಕೂ ಆಗದಿದ್ದರೆ ಯಂತ್ರವನ್ನು ಅದರ ಕನಿಷ್ಠ ರೂಪಕ್ಕೆ ಇಳಿಸಬೇಕು. ಬೋರ್ಡು, ಪ್ರೊಸೆಸರು, ಅದರ ಫ್ಯಾನು, ಒಂದು ರ‍್ಯಾಮ್, ಎಸ್.ಎಂ.ಪಿ.ಎಸ್. ಮತ್ತು ಚಿತ್ರ ಕೊಡುವ ಒಂದು ದಾರಿ, ಇಷ್ಟೇ ಸಾಕು. ಡಿಸ್ಕು, ಪೆನ್‌ಡ್ರೈವು, ಪ್ರಿಂಟರು ಯಾವುದೂ ಬೇಡ. ಸಾಧ್ಯವಾದರೆ ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಪೆಟ್ಟಿಗೆಯ ಮೇಲಿಟ್ಟು ನೋಡಿ. ಅಲ್ಲಿ ನಡೆದು ಕ್ಯಾಬಿನೆಟ್ಟಿನಲ್ಲಿ ನಡೆಯದಿದ್ದರೆ ಬೋರ್ಡಿನ ಹಿಂದೆ ತಿರುಪೊಂದು ಬಿದ್ದು ಲೋಹ ತಗಲುತ್ತಿರಬಹುದು. ಚಿತ್ರ ಬಂದ ಮೇಲೆ ಉಳಿದವನ್ನು ಒಂದೊಂದಾಗಿ ಸೇರಿಸುತ್ತ ಹೋಗಿ. ಯಾವುದನ್ನು ಸೇರಿಸಿದಾಗ ಕತ್ತಲಾಗುತ್ತದೆಯೋ ಅಲ್ಲಿಯೇ ದೋಷ.

ಈ ಎಲ್ಲ ಹಂತಗಳಲ್ಲೂ ಒಂದು ನಿಯಮವನ್ನು ಬಿಡಬಾರದು: ಒಂದು ಸಲಕ್ಕೆ ಒಂದೇ ಬದಲಾವಣೆ. ರ‍್ಯಾಮ್ ಬದಲಿಸಿ, ಕಾರ್ಡು ತೆಗೆದು, ಸೆಲ್ಲು ಕಿತ್ತು ಒಟ್ಟಿಗೆ ನೋಡಿದರೆ ಚಿತ್ರ ಬಂದರೂ ಯಾವುದರಿಂದ ಬಂತೆಂದು ತಿಳಿಯುವುದಿಲ್ಲ. ತಿಳಿಯದ ದೋಷ ಮತ್ತೆ ಬರುತ್ತದೆ.

ನಮ್ಮ ಕರಾವಳಿಯ ಹವೆ

ಕಂಪ್ಯೂಟರಿನ ಕೈಪಿಡಿಗಳು ಯಾವುದೋ ದೂರದ ಊರಿನಲ್ಲಿ ಬರೆದವು. ಉಡುಪಿಯ ಮಳೆಗಾಲದ ವಿಚಾರ ಅವುಗಳಲ್ಲಿರುವುದಿಲ್ಲ. ಇಲ್ಲಿ ವರ್ಷಕ್ಕೆ 4000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುತ್ತದೆ. ಅದರ ಬಹುಪಾಲು ಜೂನಿನಿಂದ ಸೆಪ್ಟೆಂಬರಿನವರೆಗೆ. ಆ ತಿಂಗಳುಗಳಲ್ಲಿ ಹಪ್ಪಳ ಮೆತ್ತಗಾಗುತ್ತದೆ, ಚರ್ಮದ ಚಪ್ಪಲಿಗೆ ಬೂಷ್ಟು ಹಿಡಿಯುತ್ತದೆ. ಅದೇ ಗಾಳಿ ಕ್ಯಾಬಿನೆಟ್ಟಿನೊಳಗೂ ಓಡಾಡುತ್ತದೆ.

ತಣ್ಣಗಿನ ಪುನರ್ಪುಳಿ ಶರಬತ್ತಿನ ಲೋಟದ ಹೊರಮೈ ಬೆವರುವುದನ್ನು ನೀವು ನೋಡಿದ್ದೀರಿ. ಹವಾನಿಯಂತ್ರಿತ ಕೋಣೆಯಲ್ಲಿ ತಣ್ಣಗಾದ ಕಂಪ್ಯೂಟರನ್ನು ಮಳೆಗಾಲದಲ್ಲಿ ಹೊರಗೆ ತಂದರೆ ಅದರ ಬೋರ್ಡೂ ಹಾಗೆಯೇ ಬೆವರುತ್ತದೆ. ಆ ಸ್ಥಿತಿಯಲ್ಲಿ ವಿದ್ಯುತ್ತು ಕೊಟ್ಟರೆ ಅಪಾಯ. ಯಂತ್ರ ಕೋಣೆಯ ಬಿಸಿಗೆ ಹೊಂದಿಕೊಳ್ಳಲು ಕೆಲವು ಗಂಟೆ ಬಿಟ್ಟು ಆಮೇಲೆ ಆರಂಭಿಸಬೇಕು. ಕಾಪು, ಮಲ್ಪೆಯಂಥ ಕಡಲತೀರದ ಮನೆಗಳಲ್ಲಿ ಗಾಳಿಯೊಡನೆ ಉಪ್ಪಿನ ಕಣಗಳೂ ಬರುತ್ತವೆ. ಉಪ್ಪು ತೇವವನ್ನು ಹೀರಿ ಹಿಡಿದಿಡುತ್ತದೆ, ಲೋಹವನ್ನು ತಿನ್ನುತ್ತದೆ. ಸಮುದ್ರದ ಕಡೆಯ ಕಿಟಕಿಯ ಪಕ್ಕ ಕಂಪ್ಯೂಟರಿಡುವುದು ಒಳ್ಳೆಯದಲ್ಲ. ಮಳೆಗಾಲದಲ್ಲಿ ದಿನಕ್ಕೆ ಒಂದಿಷ್ಟು ಹೊತ್ತು ಯಂತ್ರವನ್ನು ನಡೆಸಿದರೆ ಅದರ ಸ್ವಂತ ಬಿಸಿಯೇ ತೇವವನ್ನು ಓಡಿಸುತ್ತದೆ. ಹಿಂಬದಿಯ ಬಳಸದ ಕಿಂಡಿಗಳ ಮುಚ್ಚಳಗಳನ್ನು ಕಿತ್ತು ಎಸೆಯಬೇಡಿ. ಇರುವೆ, ಹಲ್ಲಿಗಳಿಗೆ ಬೆಚ್ಚಗಿನ ಕ್ಯಾಬಿನೆಟ್ಟು ಬಲು ಇಷ್ಟ.

ಏಪ್ರಿಲ್–ಮೇ ತಿಂಗಳಲ್ಲಿ, ಮತ್ತೆ ಅಕ್ಟೋಬರಿನ ಸುಮಾರಿಗೆ, ಸಂಜೆಯ ಗುಡುಗು ಸಿಡಿಲು ನಮ್ಮಲ್ಲಿ ಸಾಮಾನ್ಯ. ಸಿಡಿಲು ನೇರವಾಗಿ ಮನೆಗೆ ಬಡಿಯಬೇಕೆಂದಿಲ್ಲ. ಸ್ವಲ್ಪ ದೂರದಲ್ಲಿ ಬಿದ್ದರೂ ವಿದ್ಯುತ್ ತಂತಿಯಲ್ಲಿ, ಇಂಟರ್ನೆಟ್ಟಿನ ತಾಮ್ರದ ತಂತಿಯಲ್ಲಿ ಕ್ಷಣಮಾತ್ರ ಭಾರಿ ವೋಲ್ಟೇಜು ಹುಟ್ಟುತ್ತದೆ. ಸ್ಪೈಕ್ ಗಾರ್ಡು ಇದ್ದರೆ ಸಾಕೆಂದು ನಂಬಬಾರದು. ಗುಡುಗು ಹತ್ತಿರ ಬರುವ ಮುನ್ನವೇ ವಿದ್ಯುತ್ತಿನ ಪ್ಲಗ್ಗು, ನೆಟ್ಟಿನ ತಂತಿ ಎರಡನ್ನೂ ಕೀಳಬೇಕು. ಶಬ್ದ ಒಂದು ಕಿಲೋಮೀಟರು ಸಾಗಲು ಸುಮಾರು 3 ಸೆಕೆಂಡು ಬೇಕು. ಮಿಂಚು ಕಂಡು 30 ಸೆಕೆಂಡಿನೊಳಗೆ ಗುಡುಗು ಕೇಳಿಸಿದರೆ ಸಿಡಿಲು 10 ಕಿಲೋಮೀಟರಿನ ಒಳಗಿದೆ ಎಂದರ್ಥ. ಆಗ ತಂತಿ, ಪ್ಲಗ್ಗುಗಳನ್ನು ಮುಟ್ಟಲು ಹೋಗಬೇಡಿ. ಯಂತ್ರಕ್ಕಿಂತ ಜೀವ ದೊಡ್ಡದು.

ಇನ್ನು ಅರ್ಥಿಂಗು. ಕ್ಯಾಬಿನೆಟ್ಟಿನ ಲೋಹ ಮುಟ್ಟಿದಾಗ ಬೆರಳಿಗೆ ‘ಜುಂ’ ಎನ್ನುತ್ತದೆಯೇ? ಎಸ್.ಎಂ.ಪಿ.ಎಸ್.ನ ಶೋಧಕ ಮಂಡಲದಿಂದ ಸ್ವಲ್ಪ ವಿದ್ಯುತ್ತು ಕ್ಯಾಬಿನೆಟ್ಟಿಗೆ ಸೋರುವುದು ಸಹಜ. ಮೂರನೆಯ ಪಿನ್ನಿನ ಮೂಲಕ ಅದು ಭೂಮಿಗೆ ಹೋಗಬೇಕು. ಹೋಗದಿದ್ದರೆ ಕ್ಯಾಬಿನೆಟ್ಟು ಸುಮಾರು ನೂರು ವೋಲ್ಟಿನ ಮಟ್ಟದಲ್ಲಿ ತೇಲುತ್ತಿರುತ್ತದೆ. ಆಗ ಟಿ.ವಿ.ಗೆ ಕೇಬಲು ಸಿಕ್ಕಿಸುವ ಕ್ಷಣದಲ್ಲಿ ಎಚ್.ಡಿ.ಎಂ.ಐ. ಕಿಂಡಿಯೇ ಸುಡಬಹುದು. ನಮ್ಮ ಮುರಕಲ್ಲಿನ ನೆಲ ಬೇಸಿಗೆಯಲ್ಲಿ ಒಣಗಿದಾಗ ಅದರ ವಿದ್ಯುತ್ ರೋಧ ಏರುತ್ತದೆ. ಅರ್ಥಿಂಗ್ ಗುಂಡಿಗೆ ನೀರು ಹನಿಸಬೇಕೆಂದು ಹಿರಿಯರು ಹೇಳುವುದು ಇದಕ್ಕೇ. ಅರ್ಥಿಂಗಿನ ಪರೀಕ್ಷೆಯನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಮಾಡಿಸಬೇಕು.

ಮನೆಯಲ್ಲಿ ಇನ್ವರ್ಟರ್ ಇದ್ದರೆ ಅದರ ಸ್ವಿಚ್ಚು ‘ಯು.ಪಿ.ಎಸ್.’ ಸ್ಥಾನದಲ್ಲಿರಲಿ. ಕರೆಂಟು ಹೋದಾಗ ಎಸ್.ಎಂ.ಪಿ.ಎಸ್. ತನ್ನೊಳಗಿನ ಸಂಗ್ರಹದಿಂದ ಯಂತ್ರವನ್ನು ಸುಮಾರು 16 ಮಿಲಿಸೆಕೆಂಡು ಮಾತ್ರ ನಡೆಸಬಲ್ಲದು. ಇನ್ವರ್ಟರ್ ಅಷ್ಟರೊಳಗೆ ಕೈಗೂಡಬೇಕು. ಬಯಾಸ್ ನವೀಕರಿಸುವ ಕೆಲಸವನ್ನಂತೂ ಗಾಳಿಮಳೆಯ ದಿನ ಮಾಡಲೇಬಾರದು. ನಡುವೆ ಕರೆಂಟು ಹೋದರೆ ಬೋರ್ಡು ಎದ್ದೇಳುವುದನ್ನೇ ಮರೆಯಬಹುದು.

ಎಲ್ಲಿ ನಿಲ್ಲಿಸಬೇಕು?

ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬೇಡಿ. ಅದರೊಳಗಿನ ಕೆಪಾಸಿಟರುಗಳು 300 ವೋಲ್ಟಿಗೂ ಹೆಚ್ಚಿನ ವಿದ್ಯುತ್ತನ್ನು ಪ್ಲಗ್ಗು ಕಿತ್ತ ಮೇಲೂ ಹಿಡಿದಿರಬಹುದು. ಸುಟ್ಟ ವಾಸನೆ, ಹೊಗೆ, ಕಪ್ಪಾದ ಗುರುತು ಕಂಡರೆ ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಪ್ರೊಸೆಸರನ್ನು ಅದರ ಆಸನದಿಂದ ತೆಗೆಯುವ ಕೆಲಸ ಅನುಭವಿಗಳದು. ಇಂಟೆಲಿನ ಎಲ್.ಜಿ.ಎ. 1700 ಆಸನದಲ್ಲಿ ಹೆಸರೇ ಹೇಳುವಂತೆ 1700 ಸೂಕ್ಷ್ಮ ಪಿನ್ನುಗಳಿವೆ. ಒಂದು ಬಾಗಿದರೂ ಬೋರ್ಡಿನ ವಾರಂಟಿಗೆ ಕುತ್ತು.

ಅಂಗಡಿಗೆ ಹೋಗುವಾಗ ಬಿಲ್ಲುಗಳನ್ನು ಒಯ್ಯಿರಿ, ನೀವು ಬರೆದ ಹಾಳೆಯನ್ನೂ ಒಯ್ಯಿರಿ. ಬಿಡಿಭಾಗಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ವಾರಂಟಿ ಇರುತ್ತದೆ. ಯಾವುದು ಕೆಟ್ಟಿದೆ ಎಂದು ತೋರಿಸಬಲ್ಲವನಿಗೆ ಅದು ಬೇಗ ಸಿಗುತ್ತದೆ. ದೋಷವಿರುವ ಸರಕನ್ನು ಬದಲಿಸಿಕೊಡದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿಯೂ ಮೊದಲು ಕೇಳುವುದು ಬಿಲ್ಲನ್ನೇ.

ನೀವೇ ಮಾಡಿ ನೋಡಿ

ನಿಮ್ಮ ಕಂಪ್ಯೂಟರು ಸರಿಯಾಗಿರುವಾಗಲೇ ಒಂದು ಪುಟದಲ್ಲಿ ಇವನ್ನು ಬರೆದಿಡಿ: ಗುಂಡಿ ಒತ್ತಿದ ಮೇಲೆ ಎಷ್ಟು ಸೆಕೆಂಡಿಗೆ ಮುದ್ರೆ ಮೂಡುತ್ತದೆ? ಬೋರ್ಡಿನ ದೀಪಗಳು ಯಾವ ಕ್ರಮದಲ್ಲಿ ಹತ್ತಿ ಆರುತ್ತವೆ? ಕೇಬಲು ಯಾವ ಕಿಂಡಿಯಲ್ಲಿದೆ? ರ‍್ಯಾಮ್ ಯಾವ ಯಾವ ಕಿಂಡಿಗಳಲ್ಲಿದೆ? ಪ್ರೊಸೆಸರಿನಲ್ಲಿ ಗ್ರಾಫಿಕ್ಸ್ ಭಾಗ ಇದೆಯೇ, ಇಲ್ಲವೇ? ಒಳಭಾಗದ ನಾಲ್ಕು ಫೋಟೊ ತೆಗೆದಿಡಿ. ಆರೋಗ್ಯವಿದ್ದಾಗಿನ ನಾಡಿ ಗೊತ್ತಿದ್ದ ವೈದ್ಯನಿಗೆ ಜ್ವರದ ನಾಡಿ ಬೇಗ ತಿಳಿಯುತ್ತದೆ.

ಪಂಪು ನೀರೆತ್ತದಿದ್ದಾಗ, ಸ್ಕೂಟರು ಹೊರಡದಿದ್ದಾಗ, ಪ್ರಯೋಗಶಾಲೆಯ ಮಂಡಲ ಕೆಲಸ ಮಾಡದಿದ್ದಾಗಲೂ ಹಾದಿ ಇದೇ. ಕೊನೆಯ ಕೊಂಡಿಯನ್ನು ದೂರುವ ಮುನ್ನ ಮೊದಲ ಕೊಂಡಿಯಿಂದ ನಡೆದು ಬನ್ನಿ, ಏನು ಬದಲಾಯಿತೆಂದು ಕೇಳಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಕಂಡದ್ದನ್ನು ಬರೆದಿಡಿ. ಹತ್ತು ಸಲ ಹೀಗೆ ಮಾಡಿದವರಿಗೆ ಹನ್ನೊಂದನೆಯ ಸಲ ಕತ್ತಲ ಪರದೆಯ ಮುಂದೆ ಕೈ ನಡುಗುವುದಿಲ್ಲ.